ಕಬ್ಬಿಣಕ್ಕೆ ಹಸಿರು ಚಹಾ ಮದ್ದು

ಕಬ್ಬಿಣದ ಕೆಟಲ್ಲಿಗೆ ಹೆಸರಾದ ನಮ್ಮ ಮೊರಿಯೊಕಾ ಊರಿನಲ್ಲಿ ಜೀವಮಾನವೆಲ್ಲ ಕಬ್ಬಿಣ ಕರಗಿಸಿ ಕೆಟಲ್ ಎರಕ ಹೊಯ್ದವನಿಗೆ ‘ನಿಮ್ಮ ಮೈಯಲ್ಲಿ ಕಬ್ಬಿಣ ಜಾಸ್ತಿ’ ಎಂದರೆ ಹೆಮ್ಮೆಯಾಗಬೇಕು. ಆದರೆ ಚಿದಾ ಡಾಕ್ಟರಮ್ಮ ಅದನ್ನು ಹೊಗಳಿಕೆಯಾಗಿ ಹೇಳಲಿಲ್ಲ. ಕಬ್ಬಿಣ ನನ್ನ ಲಿವರಿನಲ್ಲಿ ಬಿಡಾರ ಹೂಡಿದೆಯಂತೆ. ಆಗಾಗ ತೋಳಿಗೆ ಸೂಜಿ ಚುಚ್ಚಿ ಒಂದು ಚೀಲ ರಕ್ತ ತೆಗೆದರೆ ಇಳಿಯುತ್ತದಂತೆ.

(ಕುದಿಯುವ ಕಬ್ಬಿಣದ ಮುಂದೆ ಎದೆಯೊಡ್ಡಿ ನಿಂತ ಗಂಡಸು ನಾನು. ಸೂಜಿಯ ವಿಷಯ ಬೇರೆ. ಸೂಜಿ ಕಂಡರೆ ನನ್ನ ಕಾಲುಗಳು ನನ್ನನ್ನು ಕೇಳದೆ ಬಾಗಿಲ ಕಡೆ ಹೊರಡುತ್ತವೆ.)

“ಗಿಡಮೂಲಿಕೆ ಏನೂ ಇಲ್ವಾ ಡಾಕ್ಟ್ರೇ? ಹಸಿರು ಚಹಾದ ಸತ್ವ ಕಬ್ಬಿಣಾನ ಹಿಡ್ಕೊಳ್ಳುತ್ತೆ ಅಂತ ಟೀವೀಲಿ ಹೇಳಿದ್ರು.”

“ಸಂಶೋಧನೆ ನಡೀತಿರೋದು ನಿಜ. ಅರಿಶಿನದ ಮೇಲೂ ನಡೀತಿದೆ. ಇಲಿಗಳಲ್ಲಿ ಗುಣ ಕಂಡಿದೆ. ಆದ್ರೆ ನೀವು ಇಲಿ ಅಲ್ವಲ್ಲ, ಒಯಿಕಾವ ಅವರೇ.”

“ಸೂಜಿ ಮುಂದೆ ಇಲೀನೇ ಬಿಡಿ,” ಎಂದಳು ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಫುಮಿಯೆ.

ಡಾಕ್ಟರಮ್ಮನಿಗೆ ನಗು ತಡೆಯಲಿಲ್ಲ. “ಸರಿ, ಚೆರ್ರಿ ಹೂ ಬಿಡೋವರೆಗೆ ಟೈಮ್ ಕೊಡ್ತೀನಿ. ಲಿವರ್, ಚಿಪ್ಪುಮೀನು ತಿನ್ನೋದು ಬಿಡಿ, ಅದ್ರಲ್ಲೂ ಕಬ್ಬಿಣ ಜಾಸ್ತಿ. ಊಟದ ಜೊತೆ ಚಹಾ ಕುಡೀರಿ. ಇಳೀದಿದ್ರೆ ಮಾತಿಲ್ಲದೆ ತೋಳು ಚಾಚಬೇಕು.”

ನನಗೆ ಟೀವಿಯ ಸಾಕ್ಷಿಯೂ ಬೇಕಿರಲಿಲ್ಲ. ಕೆಟಲ್ ಒಳಗೆ ತುಕ್ಕು ಹಿಡಿದರೆ ನಮ್ಮ ಕಸುಬಿನವರು ಚಹಾ ಎಲೆ ಹಾಕಿ ಕುದಿಸುತ್ತೇವೆ. ನೀರು ಶಾಯಿಯ ಹಾಗೆ ಕಪ್ಪಾಗಿ ತುಕ್ಕು ತೆಪ್ಪಗಾಗುತ್ತದೆ. ಚಹಾ ಕಬ್ಬಿಣವನ್ನು ಹಿಡಿಯುತ್ತದೆ ಎನ್ನುವುದು ನಮ್ಮಜ್ಜನಿಗೇ ಗೊತ್ತಿತ್ತು!

ಅಂದೇ ಸಮರ ಸಾರಿದೆ. ನಾನೇ ಎರಕ ಹೊಯ್ದ ಕಬ್ಬಿಣದ ಕೆಟಲ್ ಬೆಳಗಿನಿಂದ ಸಂಜೆಯವರೆಗೆ ಒಲೆಯಿಂದ ಇಳಿಯಲಿಲ್ಲ.

“ರೀ, ಇದನ್ನ ಎತ್ತಿ ಎತ್ತಿ ನನ್ನ ರಟ್ಟೆ ಬಿದ್ದುಹೋಯ್ತು. ಮಗಳು ಕೊಡಿಸಿದ ಕರೆಂಟ್ ಕೆಟಲ್ ಡಬ್ಬದಲ್ಲೇ ಕೂತಿದೆ, ತೆಗೀಲಾ?”

“ಒಯಿಕಾವನ ಮನೇಲಿ ಕರೆಂಟ್ ಕೆಟಲ್ಲಾ? ನಾನು ಸತ್ತ ಮೇಲೆ ತೆಗಿ!”

“ನೀವು ಕುಡಿಯೋ ವೈಖರಿ ನೋಡಿದ್ರೆ ಬಹಳ ದಿನ ಕಾಯೋ ಹಾಗಿಲ್ಲ.”

ಅಷ್ಟು ಚಹಾ ಕುಡಿದವನು ಕೂತಲ್ಲಿ ಕೂರುವುದುಂಟೆ? ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಾಯಿಖಾನೆಗೆ ಶತಪಥ ಹಾಕಿದೆ. ಅಂಗಳದ ಚೆರ್ರಿ ಮರದಲ್ಲಿ ಮೊಗ್ಗು ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಊರಿಗೆಲ್ಲ ಹೂವಿನ ಹಬ್ಬ, ನನಗೆ ಸೂಜಿಯ ಮುಹೂರ್ತ. ಒಂದೇ ಸಮಾಧಾನವೆಂದರೆ ಚಹಾ ಕಪ್ಪಗೆ ಇಳಿಯುತ್ತಿತ್ತು.

“ನೋಡೇ, ಔಷಧಿ ಎಷ್ಟು ಗಟ್ಟಿಯಾಗಿದೆ!”

ಫುಮಿಯೆ ತನ್ನ ಲೋಟಕ್ಕೆ ಬಿಸಿನೀರು ಬಗ್ಗಿಸಿಕೊಂಡಳು. ಅವಳದು ನನ್ನದಕ್ಕೆ ತದ್ವಿರುದ್ಧ ಕಾಯಿಲೆ, ರಕ್ತದಲ್ಲಿ ಕಬ್ಬಿಣವೇ ಸಾಲದು. ಹೀಗಾಗಿ ಚಹಾ ಬಿಟ್ಟು, ಅದೇ ಕೆಟಲ್ಲಿನ ಬರೀ ಬಿಸಿನೀರನ್ನು ಹೊತ್ತು ಹೊತ್ತಿಗೆ ಕುಡಿಯುತ್ತಿದ್ದಳು. ಪಾಪ ಎನಿಸುತ್ತಿತ್ತು ನನಗೆ.

ಹೂ ಬಿಟ್ಟಿತು. ಇಬ್ಬರ ರಕ್ತವೂ ಪರೀಕ್ಷೆಯಾಯಿತು.

“ಫುಮಿಯೆ ಅವರೇ, ನಿಮ್ಮ ಕಬ್ಬಿಣ ಚೆನ್ನಾಗಿ ಏರಿದೆ,” ಎಂದರು ಡಾಕ್ಟರಮ್ಮ. ನನ್ನ ಕಡೆ ತಿರುಗಿದರು. “ನಿಮ್ಮದು ಒಂದಿಷ್ಟೂ ಅಲುಗಿಲ್ಲ. ಚಹಾ ಕುಡಿದ್ರಾ?”

“ಕುಡಿದ್ರಾ ಅಂತೀರಾ! ಅದರಲ್ಲೇ ಈಜಿದೀನಿ!”

“ನೀರು ಯಾವುದರಲ್ಲಿ ಕಾಯಿಸ್ತೀರಿ?”

ನಾನು ಎದೆಯುಬ್ಬಿಸಿದೆ. “ನನ್ನ ಕೈಯಾರೆ ಹೊಯ್ದ ಅಪ್ಪಟ ಕಬ್ಬಿಣದ ಕೆಟಲ್ಲು!”

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಒಯಿಕಾವ ಅವರೇ, ನಿಮ್ಮ ಚಹಾಕ್ಕೆ ಕೆಟಲ್ಲಿನ ಕಬ್ಬಿಣ ಹಿಡಿಯೋದರಲ್ಲೇ ಹೊತ್ತು ಹೋಗಿದೆ. ನಿಮ್ಮ ಕಬ್ಬಿಣದ ಕಡೆ ತಿರುಗಿ ನೋಡೋಕೆ ಅದಕ್ಕೆ ಪುರುಸೊತ್ತೆಲ್ಲಿ?”

ನರ್ಸ್ ನನ್ನ ತೋಳಿಗೆ ಪಟ್ಟಿ ಬಿಗಿದಳು. ಕಾಲುಗಳು ಬಾಗಿಲ ಕಡೆ ಹೊರಟವು. ಫುಮಿಯೆ ನನ್ನ ಇನ್ನೊಂದು ಕೈಯನ್ನು ಬಲವಾಗಿ ಹಿಡಿದಳು. ಈಗ ಅವಳ ರಟ್ಟೆಯಲ್ಲಿ ಶಕ್ತಿಗೇನೂ ಕೊರತೆಯಿರಲಿಲ್ಲ.

“ನಿಮ್ಮ ಕೆಟಲ್ಲು ಒಳ್ಳೇ ಔಷಧೀನೇ ರೀ,” ಎಂದಳು. “ರೋಗಿ ಮಾತ್ರ ನಾನು.”

ತಕ್ಕ ಉತ್ತರ ಕೊಡೋಣವೆಂದು ಅವಳ ಕಡೆ ತಿರುಗಿದೆ. ಅಷ್ಟರಲ್ಲಿ ಈ ಕಡೆ ಸೂಜಿ ಒಳಗೆ ಹೋಗಿತ್ತು. ಹೀಗೆ ನನ್ನನ್ನು ಆ ಕಡೆ ತಿರುಗಿಸಬೇಕೆಂದು ಅವಳೂ ನರ್ಸೂ ಮೊದಲೇ ಮಾತಾಡಿಕೊಂಡಿದ್ದರಂತೆ.