ಪರದೆ ವಿಭಾಗದ ಸ್ಟೂಲ್ ಮಹಾಶಯರಿಗೆ

ಮಾನ್ಯರೇ,

ತಮ್ಮ ನಾಲ್ಕೂ ಕಾಲುಗಳಿಗೆ ನಮಸ್ಕರಿಸಿ, ಮೊದಲಿಗೆ ನನ್ನ ಕೋಳಿಕಾಲಿನಂಥ ಅಕ್ಷರಕ್ಕೂ ಅಲ್ಲಲ್ಲಿ ತಪ್ಪಿರಬಹುದಾದ ಕಾಗುಣಿತಕ್ಕೂ ಕ್ಷಮೆ ಕೋರುತ್ತೇನೆ. ನಾನು ಪ್ರಾಥಮಿಕ ಶಾಲೆಯಾಚೆಗೆ ಓದಿದವಳಲ್ಲ. ಮೇಲಾಗಿ ಈ ಪತ್ರವನ್ನು ಸುತ್ತಿಟ್ಟ ಬಟ್ಟೆಯ ಥಾನಿನ ಮೇಲೆ ಕಾಗದ ಇಟ್ಟುಕೊಂಡು ನಿಂತೇ ಬರೆಯುತ್ತಿರುವುದರಿಂದ, ಸಾಲುಗಳು ಇಳಿಜಾರಿನಲ್ಲಿ ಜಾರಿದ್ದರೆ ಅದು ಕೈಯ ತಪ್ಪಲ್ಲ, ಕಾಲಿನದು.

ತಾವು ನಮ್ಮ ಬಟ್ಟೆ ಅಂಗಡಿಗೆ ದಯಮಾಡಿಸಿದ ದಿನ ನಮಗೆಲ್ಲ ಎಷ್ಟು ಸಂತೋಷವಾಯಿತೆಂದು ತಮಗೆ ತಿಳಿಸುವುದು ನನ್ನ ಕರ್ತವ್ಯ. ದಿನವಿಡೀ ನಿಂತು ಕೆಲಸ ಮಾಡುವವರಿಗೆ ಅಂಗಡಿಯವರು ಆಸನ ಒದಗಿಸಬೇಕೆಂದು ಕಾನೂನು ಬಂದಿದೆ, ಅದನ್ನು ನೋಡಲು ತಪಾಸಣೆಯವರು ಯಾವ ಗಳಿಗೆಯಲ್ಲಾದರೂ ಬರಬಹುದು ಎಂಬ ಸುದ್ದಿಯ ಬೆನ್ನಿಗೇ ತಾವು ಬಂದಿರಿ. ಅಲ್ಲಿಯವರೆಗೆ ಈ ಅಂಗಡಿಯಲ್ಲಿ ಗಿರಾಕಿಗಳಿಗೆ ಸೋಫಾ ಇತ್ತು, ಗಿರಾಕಿಗಳ ಕೈಚೀಲಕ್ಕೆ ಕುರ್ಚಿ ಇತ್ತು, ನಮಗೆ ನೆಲವಿತ್ತು, ಅದೂ ಪಾದದಷ್ಟಗಲ. ಗಿರಾಕಿ ಇಲ್ಲದ ಹೊತ್ತಿನಲ್ಲೂ ನಾವು ಥಾನಿನ ಮೇಲೆ ಕೈಯಿಟ್ಟು, ಈಗಷ್ಟೇ ಯಾರನ್ನೋ ಬರಮಾಡಿಕೊಳ್ಳುವವರಂತೆ ನಗುಮುಖದಿಂದ ನಿಂತಿರಬೇಕು. ಕಪಾಟಿಗೆ ಒರಗಿದರೆ ಬಟ್ಟೆ ಸುಕ್ಕಾಗುತ್ತದೆ, ಗೋಡೆಗೆ ಒರಗಿದರೆ ಅಂಗಡಿಯ ಮಾನ ಸುಕ್ಕಾಗುತ್ತದೆ. ಕೂರಲೇಬೇಕೆನಿಸಿದಾಗ ನಾವು ಶೌಚಾಲಯಕ್ಕೆ ಹೋಗುತ್ತೇವೆ. ಅಲ್ಲಿ ಕೂತದ್ದನ್ನು ಪ್ರಶ್ನಿಸಲು ಮ್ಯಾನೇಜರಿಗೂ ಇನ್ನೂ ಮನಸ್ಸು ಬಂದಿಲ್ಲ.

ಮ್ಯಾನೇಜರನ್ನು ನಾವು ಮೇಲಿನವರು ಎನ್ನುತ್ತೇವೆ, ಏಕೆಂದರೆ ಅವರ ಗಾಜಿನ ಕೋಣೆ ನಮ್ಮ ತಲೆಯ ಮೇಲಿದೆ. ತಾವು ಬಂದ ದಿನ ಅವರು ನಮ್ಮನ್ನೆಲ್ಲ ಅಲ್ಲಿಗೆ ಕರೆಸಿ, ತಿರುಗುವ ಕುರ್ಚಿಯಲ್ಲಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗುತ್ತ, ನಾನು ಈವರೆಗೆ ಕೇಳಿರದಂಥ ಜ್ಞಾನವನ್ನು ಕೊಟ್ಟರು. "ನಾಗರಿಕ ಹಕ್ಕು ಅಂದ್ರೆ ಏನು? ರಸ್ತೆಲಿ ಓಡಾಡೋದು, ವೋಟ್ ಹಾಕೋದು, ಕೋರ್ಟಿಗೆ ಹೋಗೋದು. ಅದನ್ನ ಯಾರಾದ್ರೂ ಕಿತ್ಕೊಂಡ್ರಾ? ಇಲ್ವಲ್ಲ! ಆದ್ರೆ ಯಾರ ಎದುರಿಗೆ ಯಾರು ಕೂರ್ಬೇಕು ಅನ್ನೋದು ಸಾಮಾಜಿಕ ಸವಲತ್ತು ಕಣ್ರಮ್ಮ. ಅದು ಮರ್ಯಾದೆ ವಿಷಯ. ಅದನ್ನ ಕಾನೂನು ಕೊಡಕ್ಕಾಗಲ್ಲ, ನಾವು ಮನಸ್ಸು ಮಾಡಿ ಕೊಡ್ಬೇಕು." ಇಷ್ಟು ಹೇಳುವಷ್ಟರಲ್ಲಿ ಅವರಿಗೆ ಬೆನ್ನು ಹಿಡಿದುಕೊಂಡಿತು, ಪಾಪ, ಹಿಂದೆ ಇನ್ನೊಂದು ದಿಂಬು ಇಟ್ಟುಕೊಂಡರು.

ನಾನು ಕೆಳಗೆ ಬಂದು ಅದನ್ನೇ ಯೋಚಿಸಿದೆ. ಕೂತವರನ್ನು ಯಾರೂ, ನೀವು ಹಕ್ಕಿನಿಂದ ಕೂತಿದ್ದೀರೋ ಸವಲತ್ತಿನಿಂದ ಕೂತಿದ್ದೀರೋ ಎಂದು ಕೇಳುವುದಿಲ್ಲ. ನಿಂತವರು ಮೊಣಕಾಲು ಬಗ್ಗಿಸಿದ ಕೂಡಲೇ ಈ ಎರಡರ ವ್ಯತ್ಯಾಸ ಎಲ್ಲರಿಗೂ ನೆನಪಾಗುತ್ತದೆ. ಬೇರೆಯವರ ಕಾಲಿನ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಚಿಂತಿಸಬೇಕಾದರೆ ಸ್ವಂತ ಕಾಲಿಗೆ ಬಹಳ ವಿಶ್ರಾಂತಿ ಸಿಕ್ಕಿರಬೇಕು. ಅಂಥ ವಿದ್ವಾಂಸರ ಕೆಳಗೆ ಕೆಲಸ ಮಾಡುವುದು ನಮ್ಮ ಭಾಗ್ಯ.

ಇನ್ನು ನನ್ನ ಅತ್ತಿಗೆಯ ವಿಷಯ. ಅಣ್ಣನ ಹೆಂಡತಿ, ನನ್ನನ್ನು ಈ ಕೆಲಸಕ್ಕೆ ಸೇರಿಸಿದವರು, ತಮ್ಮ ಪಕ್ಕದಲ್ಲೇ ಪರದೆ ಅಳೆಯುವವರು. ತುಂಬು ಬಸುರಿ. ಸಂಜೆಯಾಗುವಷ್ಟರಲ್ಲಿ ಅವರ ಪಾದ ಚಪ್ಪಲಿಯಿಂದ ಹೊರಗೆ ಉಕ್ಕಿರುತ್ತದೆ. ಮನೆಗೆ ಹೋಗುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಹಿಂದಿನ ಬಾರಿ ಅವರಿಗೆ ನೋವು ಬಂದದ್ದು ಇದೇ ಕೌಂಟರಿನ ಹಿಂದೆ, ಗಿರಾಕಿಯೊಬ್ಬರು ಇನ್ನೂ ಒಂದು ಬಣ್ಣ ತೋರಿಸಿ ಎಂದಾಗ. ಅತ್ತಿಗೆ ತೋರಿಸಿಯೇ ಆಸ್ಪತ್ರೆಗೆ ಹೋದರು. ಆ ಮಗು ಉಳಿಯಲಿಲ್ಲ. ಈ ಸಲ ನರ್ಸಮ್ಮ ಗದರಿ ಹೇಳಿದ್ದಾರೆ: "ಗಂಟೆಗಟ್ಲೆ ನಿಂತ್ಯೋ, ಇದೂ ಕೈ ತಪ್ಪುತ್ತೆ. ಆಮೇಲೆ ನನ್ನ ಹತ್ರ ಅಳ್ಬೇಡ." ಕೆಲಸ ಬಿಡೋಣವೆಂದರೆ, ಈಗ ಬಿಟ್ಟವರಿಗೆ ಹೆರಿಗೆ ರಜೆಯೂ ಇಲ್ಲ, ಮರಳಿ ಬರಲು ಜಾಗವೂ ಇಲ್ಲ. ಅತ್ತಿಗೆ ಮೇಲಕ್ಕೆ ಹೋಗಿ, ಸ್ಟೂಲಿನ ಮೇಲೆ ಆಗಾಗ ಕೂರಬಹುದೇ ಎಂದು ಕೇಳಿದರು. ಮೇಲಿನವರು ಮೃದುವಾಗಿಯೇ ಉತ್ತರಿಸಿದರಂತೆ: "ನಿನಗೆ ಕೊಟ್ರೆ ಎಲ್ರೂ ಬಸುರಿ ಆಗ್ತಾರಮ್ಮ."

ಅಂದೇ ಮಧ್ಯಾಹ್ನ ಮೇಲಿನವರಿಗೆ ಒಂದು ಅನುಮಾನ ಕಾಡಿತು. ಆಸನ ಖಾಲಿ ಬಿದ್ದಿರುವುದನ್ನು ತಪಾಸಣೆಯವರು ಕಂಡರೆ, ಯಾರನ್ನೂ ಕೂರಲು ಬಿಡುತ್ತಿಲ್ಲ ಎಂದುಕೊಂಡುಬಿಡಬಹುದು. ಆಸನ ಇರಬೇಕು, ಅದು ಬಳಕೆಯಲ್ಲೂ ಇರಬೇಕು, ಆದರೆ ನಾವು ಕೂರಬಾರದು. ಇಂಥ ಲೆಕ್ಕಕ್ಕೆ ನನ್ನಂಥವಳು ತಲೆ ಚಚ್ಚಿಕೊಳ್ಳುತ್ತಿದ್ದಳು, ಅವರು ಬಿಡಿಸಿಯೇಬಿಟ್ಟರು. ಮುಂಬಾಗಿಲ ಗಾಜಿನ ಹಿಂದೆ, ಬಟ್ಟೆ ತೊಡಿಸಿ ತೋರಿಸಲೆಂದು ಇಟ್ಟಿದ್ದ, ಕಾಲು ಮಡಿಸಿ ಕೂತ ಭಂಗಿಯಲ್ಲಿದ್ದ ಗೊಂಬೆಗೆ ನಮ್ಮದೇ ಸಮವಸ್ತ್ರ ತೊಡಿಸಿ, ಕೊರಳಿಗೆ ಅಳತೆ ಟೇಪು ಹಾಕಿಸಿ, ಸ್ಟೂಲ್ ಮಹಾಶಯರಾದ ತಮ್ಮ ಮೇಲೆ ಕೂರಿಸಿದರು. ಬೀದಿಯಿಂದ ನೋಡಿದರೆ ಅಂಗಡಿ ಕೆಲಸದವಳೊಬ್ಬಳು ಸುಖವಾಗಿ ಕೂತಿದ್ದಾಳೆ ಎಂದೇ ಅನಿಸಬೇಕು. ಬಟ್ಟೆ ಕತ್ತರಿಸುವ ಕತ್ತರಿ ಮಾಮ ಅದನ್ನು ನೋಡಿ, "ಹೊಟ್ಟೆ ಇಲ್ದೋಳಿಗೆ ಪೀಠ, ಹೊಟ್ಟೆ ಹೊತ್ತೋಳಿಗೆ ಪಹರೆ. ಭೇಷ್ ಬಿಡಪ್ಪಾ!" ಎಂದು ಕತ್ತರಿಯನ್ನು ಗಾಳಿಯಲ್ಲೇ ಆಡಿಸಿದರು. ಆ ದಿನದಿಂದ ಅತ್ತಿಗೆಯ ಕೆಲಸ ಒಂದು ಹೆಚ್ಚಾಗಿದೆ: ಬೆಳಿಗ್ಗೆ ಗೊಂಬೆಯ ಮುಖದ ಧೂಳು ಒರೆಸುವುದು. ಬಗ್ಗಿ ಒರೆಸಬೇಕು.

ಆದುದರಿಂದ ತಮ್ಮಲ್ಲಿ ನನ್ನ ಕೆಲವು ಬಿನ್ನಹಗಳಿವೆ. ಗೊಂಬೆಯವರಿಗೆ ಪಾದ ಊದಿದೆಯೇ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆಯೇ ಎಂದು ವಿಚಾರಿಸಿ ನಮಗೆ ತಿಳಿಸಬೇಕು. ಅವರು ನಮ್ಮ ಪರವಾಗಿ ಕೂರುತ್ತಿರುವಾಗ ಅವರ ಆರೋಗ್ಯ ನಮ್ಮದೇ ಹೊಣೆ. ಅತ್ತಿಗೆಯ ಊತವನ್ನು ಗೊಂಬೆಗೂ ಗೊಂಬೆಯ ವಿಶ್ರಾಂತಿಯನ್ನು ಅತ್ತಿಗೆಗೂ ವರ್ಗಾಯಿಸುವ ವ್ಯವಸ್ಥೆ ಮಾಡಲಾದರೆ ಉಪಕಾರವಾದೀತು. ಹುಟ್ಟಲಿರುವ ಮಗುವಿಗೆ, ಅಂಗಡಿ ಮುಚ್ಚಿದ ಮೇಲೆ ಮಾತ್ರ ಬೆಳೆಯುವಂತೆ ಸೂಚನೆ ಹೋಗಬೇಕು, ಹಗಲು ಹೊತ್ತು ಬೆಳೆಯುವುದು ಸವಲತ್ತು, ಹಕ್ಕಲ್ಲ ಎಂದು ತಿಳಿಹೇಳಬೇಕು. ಮೇಲಿನವರು ಮುಂದಿನ ಜನ್ಮದಲ್ಲಾದರೂ ಪರದೆಯ ಥಾನಾಗಿ ಹುಟ್ಟಲಿ. ಇಡೀ ದಿನ ನೆಟ್ಟಗೆ ನಿಲ್ಲಿಸಿ, ನಗುಮುಖದಿಂದ ಅವರ ಮೇಲೆ ಕೈಯಿಟ್ಟು ನೋಡಿಕೊಳ್ಳುವ ಭಾರ ನನ್ನದು. ಇದಾವುದೂ ತಮ್ಮಿಂದಾಗದಿದ್ದರೆ ಕಾಲೊಂದನ್ನು ಸಡಿಲಿಸಿ ಮುರಿದು ಬೀಳಿರಿ. ಯಾರೂ ಕೂರಲಾಗದ ಸ್ಟೂಲು ಎಂದು ಎಲ್ಲರಿಗೂ ಕಣ್ಣಿಗೆ ಕಾಣುವಂತಾದರೆ, ತಾವು ಇಲ್ಲಿಗೆ ಬಂದ ಮೇಲೆ ಆಡಿದ ಮೊದಲ ನಿಜ ಅದೇ ಆಗುತ್ತದೆ.

ಹೆಚ್ಚಿಗೆ ಬರೆದು ತಮ್ಮ ಬೆಲೆಬಾಳುವ ವೇಳೆಯನ್ನು ಕೆಡಿಸಲಾರೆ.

ಇಂದಿನವರೆಗೂ ತಮ್ಮ ಮೇಲೆ ಕೂರದ,
ಆದರೂ ತಮ್ಮ ವಿಶ್ವಾಸಿ,
ಪರದೆ ವಿಭಾಗದ ಕಿರಿಯವಳು

ವಿ.ಸೂ.: ಈ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಗೊಂಬೆಯವರನ್ನು ನಾನೇ ಕಂಕುಳಲ್ಲಿ ಎತ್ತಿ ಇಳಿಸಿದೆ. ಮಡಿಸಿದ ಮೊಣಕಾಲಿನಿಂದ ನಿಲ್ಲಲು ಬಾರದೆ ಅವರು ಕಪಾಟಿಗೆ ಒರಗಿಬಿಟ್ಟರು. ಅಪ್ಪಣೆಯಿಲ್ಲದೆ ಒರಗಿದ್ದಕ್ಕೆ ಅವರ ಸಂಬಳ ಹಿಡಿಯುವುದಾದರೆ ನಮ್ಮದೇನೂ ತಕರಾರಿಲ್ಲ. ತಮ್ಮನ್ನು ಒರೆಸಿ ಅತ್ತಿಗೆಯನ್ನು ಕೂರಿಸಿದೆ. ಮೇಲಿನ ಗಾಜು ಸರಿಯಿತು, "ಯಾರದು ಕೂತಿರೋದು?" ಎಂಬ ಕೂಗು ಬಂತು. ಅತ್ತಿಗೆ ಏಳಲು ಹೋದರು. ನಾನು ಅವರ ಹೆಗಲ ಮೇಲೆ ಕೈಯಿಟ್ಟು ಒತ್ತಿ ಹಿಡಿದೆ.