ಅಳಿಯಂದಿರ ಎಸ್‌ಎಸ್‌ಡಿ ಚಿಕಿತ್ಸೆ

"ಇವತ್ತು ಸಂಜೆಯೊಳಗೆ ಈ ಕಂಪ್ಯೂಟರ್ ಓಡೋದಲ್ಲ, ಹಾರುತ್ತೆ" ಎಂದು ಅಳಿಯ ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ ಘೋಷಿಸಿದ. ಕೇಳಿಸಿಕೊಂಡವರು ಇಬ್ಬರು. ಒಬ್ಬಳು ಹೆಂಡತಿ, ಅವಳು ನಂಬಲಿಲ್ಲ. ಇನ್ನೊಬ್ಬರು ಅತ್ತೆ, ಅವರು ಬಟಾಣಿ ಸುಲಿಯುತ್ತಿದ್ದರು.

ಅಳಿಯ ವಿಮಾ ಕಚೇರಿಯ ಗುಮಾಸ್ತ. ಆರು ತಿಂಗಳ ಹಿಂದೆ ಮನೆಯ ಕಂಪ್ಯೂಟರಿನ ಹಳೆಯ ಹಾರ್ಡ್ ಡಿಸ್ಕ್ ಕಿತ್ತು ಹೊಸ ಎಸ್‌ಎಸ್‌ಡಿ ಕೂರಿಸಿದ್ದು ಅವನ ಬದುಕಿನ ಈವರೆಗಿನ ಮಹಾ ಪರಾಕ್ರಮ. ನಾಲ್ಕು ಸ್ಕ್ರೂಗಳ ಕೆಲಸ. ಅದರಲ್ಲೊಂದು ಇನ್ನೂ ಸಿಕ್ಕಿಲ್ಲ. ಆದರೂ ಅಂದಿನಿಂದ ಕಚೇರಿಯಲ್ಲಿ ಯಾರ ಕಂಪ್ಯೂಟರ್ ಕೆಮ್ಮಿದರೂ ಇವನು ಹೋಗಿ ಪಕ್ಕದಲ್ಲಿ ನಿಂತು, ಹುಬ್ಬು ಗಂಟಿಕ್ಕಿ, "ಹೂಂ" ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚೇನೂ ಮಾಡುತ್ತಿರಲಿಲ್ಲವಾದ್ದರಿಂದ ಹೆಸರು ಕೆಟ್ಟಿರಲಿಲ್ಲ.

ಆದರೆ ಮನೆಯ ಎಸ್‌ಎಸ್‌ಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿಸಬೇಕಾದ್ದು, ಈಚೆಗೆ ಕುಂಟತೊಡಗಿತ್ತು. ಹೆಂಡತಿ ಕಣ್ಣು ಕಾಣದ ಮಕ್ಕಳ ಗ್ರಂಥಾಲಯಕ್ಕೆ ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಕೊಡುವವಳು. ವಿಜ್ಞಾನದ ಕೊನೆಯ ಪಾಠ ಅಂದು ಸಂಜೆ ಐದರೊಳಗೆ ಹೋಗಲೇಬೇಕು. ಮಂಗಳವಾರ ಪರೀಕ್ಷೆ, ನಲವತ್ತು ಮಕ್ಕಳು ಕಾಯುತ್ತಿದ್ದಾರೆ. ಅವಳು "ಮೂತ್ರಪಿಂಡವು ರಕ್ತದಲ್ಲಿನ ಕಲ್ಮಶವನ್ನು ಸೋಸಿ ಹೊರಹಾಕುತ್ತದೆ" ಎಂದು ಓದಿದರೆ, ಕಂಪ್ಯೂಟರ್ ನಡುವೆ ಬಿಕ್ಕಳಿಸಿ "ಮೂತ್ರಪಿಂಡವು ರಕ್ತ... ಹೊರಹಾಕುತ್ತದೆ" ಎಂದು ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಮಕ್ಕಳು ಅದನ್ನೇ ಪರೀಕ್ಷೆಯಲ್ಲಿ ಹೇಳಿದರೆ ಗತಿಯೇನು?

"ಗಂಟಲಿಗೆ ಮಾತ್ರೆ ತಗೊಂಡು ಬರ್ತೀನಿ. ಅಷ್ಟರಲ್ಲಿ ಹಾರಿಸದಿದ್ರೂ ಪರವಾಗಿಲ್ಲ, ಬೀಳಿಸಬೇಡಿ" ಎಂದು ಹೇಳಿ ಹೆಂಡತಿ ಔಷಧದಂಗಡಿಗೆ ಹೋದಳು.

ಅಳಿಯ ಅಂಗಿಯ ತೋಳು ಮಡಚಿದ. ಡ್ರೈವರ್ ಹೊಸದು ಹಾಕಿದ, ತೃಪ್ತಿಯಾಗದೆ ಹಳೆಯದು ಹಾಕಿದ. ಒಂದು ಕಡೆ ಟಿಕ್ ತೆಗೆದ, ಇನ್ನೊಂದು ಕಡೆ ಇಟ್ಟ. ಕೊನೆಗೆ ಕಂಪ್ಯೂಟರ್ ಮತ್ತೆ ಶುರು ಮಾಡಿ, ಯಂತ್ರದ ಮೂಲ ಸೆಟ್ಟಿಂಗುಗಳಿರುವ, ಸಾಮಾನ್ಯರು ಕಾಲಿಡದ ಬಯೋಸ್ ಎಂಬ ಗರ್ಭಗುಡಿಯನ್ನು ಹೊಕ್ಕ. ಅಲ್ಲಿ ಡಿಸ್ಕಿನೊಡನೆ ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬುದಕ್ಕೆ ಎರಡು ಆಯ್ಕೆಗಳಿದ್ದವು. ಒಂದು ಮೊದಲೇ ಇತ್ತು. ಮೊದಲೇ ಇರುವುದನ್ನು ಹಾಗೇ ಬಿಡುವುದಾದರೆ ತಜ್ಞನೆಂದು ಒಬ್ಬ ಯಾಕಿರಬೇಕು? ಇನ್ನೊಂದನ್ನು ಒತ್ತಿದ.

ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಡ್ರೈವರ್ ಎಂಬ ದುಭಾಷಿ ಇರುತ್ತಾನೆ. ಒಂದೇ ಏಟಿಗೆ ಭಾಷೆಯನ್ನೇ ಬದಲಾಯಿಸಿದರೆ ಪಾಪ, ಅವನೇನು ಮಾಡಿಯಾನು? ಕೈಕಟ್ಟಿ ನಿಂತ. ಪರದೆ ನೀಲಿಯಾಯಿತು. ನಿಮ್ಮ ಡಿಸ್ಕ್ ನನಗೆ ಸಿಗುತ್ತಿಲ್ಲ ಎಂದು ಬಹಳ ವಿನಯದಿಂದ ತಿಳಿಸಿತು. ಅಳಿಯ ಗಾಬರಿಯಲ್ಲಿ ಮತ್ತೆ ಗರ್ಭಗುಡಿ ಹೊಕ್ಕು ಕೈಗೆ ಸಿಕ್ಕ ಇನ್ನೂ ಐದು ಸೆಟ್ಟಿಂಗುಗಳನ್ನು ಬದಲಾಯಿಸಿದ. ನೀಲಿ ಇನ್ನಷ್ಟು ಗಾಢವಾದಂತೆ ಅವನಿಗೆ ಕಂಡಿತು.

ಮಾತ್ರೆ ತಂದ ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು.

"ಓದಿಟ್ಟ ಪಾಠಗಳೆಲ್ಲ?"

"ಹೆದರಬೇಡ ಕಣೇ. ಒಂದಲ್ಲ, ಮೂರು ಬ್ಯಾಕಪ್ ಮಾಡಿಟ್ಟಿದೀನಿ." ವಿಮಾ ಕಚೇರಿಯ ರಕ್ತ, ಅಲ್ಲಿ ಸೀನಿದರೂ ಮೂರು ಪ್ರತಿ ತೆಗೆಯುತ್ತಾರೆ.

"ಎಲ್ಲಿ?"

ಅಳಿಯ ನೀಲಿ ಪರದೆಯ ಕಡೆ ನೋಡಿದ. "ಅದರಲ್ಲೇ."

"ಅಂದ್ರೆ ಬೀಗದ ಕೈ ಮೂರು ಮಾಡಿಸಿ, ಮೂರನ್ನೂ ಒಳಗಿಟ್ಟು ಬಾಗಿಲು ಎಳ್ಕೊಂಡು ಬಂದಿದೀರಿ" ಎಂದಳು ಅವಳು.

ಆಗ ಅತ್ತೆ ಬಟಾಣಿಯ ತಟ್ಟೆಯನ್ನು ಕೆಳಗಿಟ್ಟರು. ಮೂವತ್ತೊಂದು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿದ್ದವರು. ತಟ್ಟೆಯ ಅಡಿಯಿಂದ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಎಳೆದು ತಿರುಗಿಸಿದರು. ಅದರ ಬೆನ್ನ ಮೇಲೆ, ಗೆರೆ ಎಳೆದು, ಗಂಟೆ ನಿಮಿಷ ಸಮೇತ, ಅಳಿಯ ಬೆಳಿಗ್ಗೆಯಿಂದ ಮುಟ್ಟಿದ್ದೆಲ್ಲ ಇತ್ತು: ಮೊದಲು ಏನಿತ್ತು, ಆಮೇಲೆ ಏನಾಯಿತು. ಇಂಗ್ಲಿಷ್ ಪದಗಳನ್ನು ಪರದೆ ನೋಡಿ ಅಕ್ಷರ ಅಕ್ಷರವಾಗಿ ಇಳಿಸಿದ್ದರು. ನಡುವೆ ಒಂದು ಸಾಲು: "11.40, ಅಳಿಯಂದಿರು ಬೆವರಿದರು."

"ನೀವು ಬರ್ಕೋತಾ ಇದ್ರಾ ಅತ್ತೆ?"

"ರೋಗಿಗೆ ಯಾರು ಏನು ಕೊಟ್ಟರೂ ಬರ್ಕೋಬೇಕು. ಕೊಟ್ಟ ಡಾಕ್ಟರೇ ಮರ್ತುಬಿಡ್ತಾರೆ."

ಕೊನೆಯ ಸಾಲಿನಿಂದ ಮೇಲಕ್ಕೆ, ಒಂದೊಂದಾಗಿ ಹಿಂದಿರುಗಿಸಬೇಕೆಂದು ಅತ್ತೆ ಹೇಳಿದರು. ಒಂದು ಬದಲಾಯಿಸು, ಶುರು ಮಾಡು, ನೋಡು, ಆಮೇಲೆ ಮುಂದಿನದು. ಎರಡನ್ನು ಒಟ್ಟಿಗೆ ಮುಟ್ಟಲು ಹೋದ ಅಳಿಯನ ಕೈಯನ್ನು ಪೆನ್ಸಿಲಿನಿಂದ ಮೆಲ್ಲಗೆ ತಡೆದು, ಒಟ್ಟಿಗೆ ಎರಡು ಔಷಧ ಕೊಟ್ಟರೆ ಯಾವುದು ನಾಟಿತು ಅಂತ ಗೊತ್ತಾಗೋದು ಹೇಗೆ ಎಂದು ಕೇಳಿದರು. ಅಳಿಯ ಎಷ್ಟೊಂದು ಕಂಪ್ಯೂಟರ್ ಪಂಡಿತರ ಉಪದೇಶ ಕೇಳಿದ್ದ. ಹೀಗೆ ತಣ್ಣಗೆ, ಆತುರವಿಲ್ಲದೆ, ಸಾಲಿಗೊಂದು ಗುರುತು ಹಾಕುತ್ತ ಕೆಲಸ ಮಾಡುವವರನ್ನು ಕಂಡಿರಲಿಲ್ಲ. ಕಂಪ್ಯೂಟರನ್ನು ಈಕೆ ಒಮ್ಮೆಯೂ ಮುಟ್ಟಿದವರಲ್ಲ. ಆರನೆಯ ಸಾಲಿಗೆ ನೀಲಿ ಹೋಗಿ, ಮನೆಯ ಹಳೆಯ ಪರದೆ ಬಂತು. ಪಾಠಗಳೆಲ್ಲ ಇದ್ದವು. ಹೆಂಡತಿ ಕುರ್ಚಿಯ ಬೆನ್ನು ಹಿಡಿದು ನಿಂತವಳು ಈಗ ಕೂತಳು.

ಗಂಟೆ ಮೂರು. ಉಳಿದ ಸಾಲುಗಳನ್ನೂ ಹಿಂದಿರುಗಿಸಿ ಓದಿಸಿ ನೋಡಿದರೆ ಮೂತ್ರಪಿಂಡ ಮತ್ತೆ ರಕ್ತವನ್ನೇ ಹೊರಹಾಕಿತು. ರೋಗಿ ಬದುಕಿದ್ದ, ರೋಗವೂ ಬದುಕಿತ್ತು.

"ಇದಕ್ಕೆ ಹೊಟ್ಟೆ ಅಂತ ಒಂದಿದೆಯಾ?" ಎಂದು ಅತ್ತೆ ಕೇಳಿದರು. "ಎಷ್ಟು ತುಂಬಿದೆ ನೋಡಿ."

ನೋಡಿದರೆ ನೂರಕ್ಕೆ ತೊಂಬತ್ತೆಂಟು! ಎಸ್‌ಎಸ್‌ಡಿ ಎಷ್ಟೇ ಚುರುಕಾಗಿದ್ದರೂ, ಹೊಸದನ್ನು ಇಡಲು ಒಂದಿಷ್ಟು ಖಾಲಿ ಜಾಗವಿಲ್ಲದಿದ್ದರೆ ಏದುಸಿರು ಬಿಡುತ್ತದೆ. ತುಂಬಿದ್ದು ಬೇರಾವುದೂ ಅಲ್ಲ, ಆ ಮೂರು ಪ್ರತಿಗಳು. ಅದೂ ಹೇಗೆ! ಇಡೀ ಡಿಸ್ಕನ್ನೇ ನಕಲು ಮಾಡುತ್ತ ಬಂದಿದ್ದರಿಂದ ಎರಡನೆಯದರ ಹೊಟ್ಟೆಯಲ್ಲಿ ಮೊದಲನೆಯದಿತ್ತು, ಮೂರನೆಯದರ ಹೊಟ್ಟೆಯಲ್ಲಿ ಎರಡೂ ಇದ್ದವು. ಹೆಂಡತಿ ನಗಬಾರದೆಂದು ಗಂಟಲಿನ ಮಾತ್ರೆ ಬಾಯಿಗೆ ಹಾಕಿಕೊಂಡಳು.

ಪಾಠಗಳನ್ನು ಒಂದು ಪೆನ್ ಡ್ರೈವಿಗೆ ಇಳಿಸಿ ಅತ್ತೆ ತಮ್ಮ ಕೈಚೀಲಕ್ಕೆ ಸೇರಿಸಿಕೊಂಡರು. ಆಮೇಲೆ ಮೂರು ಪ್ರತಿಗಳನ್ನೂ ಅಳಿಸಲಾಯಿತು. ನಾಲ್ಕೂಕಾಲಿಗೆ ಹೆಂಡತಿ ಹೊರಗಿನ ಸದ್ದು ಬಾರದಂತೆ ಬಾಗಿಲಿಗೆ ಕಂಬಳಿ ಇಳಿಬಿಟ್ಟು ಓದತೊಡಗಿದಳು. ಎಲ್ಲೂ ಬಿಕ್ಕಳಿಕೆಯಿಲ್ಲ. ಕಂಬಳಿಯ ಈಚೆ ನಿಂತ ಅಳಿಯನ ಎದೆ ತುಂಬಿ ಬಂತು. "ಅತ್ತೆ, ನಿಮ್ಮಾಣೆ, ಇನ್ನು ಜನ್ಮದಲ್ಲಿ ಸೆಟ್ಟಿಂಗಿಗೆ ಕೈ ಹಾಕಲ್ಲ" ಎಂದು ಪಿಸುಗುಟ್ಟಿದ. ಅತ್ತೆ ತುಟಿಯ ಮೇಲೆ ಬೆರಳಿಟ್ಟರು.

ಪೂರ್ತಿ ಕೇಳಿ ನೋಡಲು ಹೊತ್ತಿರಲಿಲ್ಲ. ದನಿಯ ಗೆರೆ ಎಲ್ಲೂ ಕಡಿದಿಲ್ಲವೆಂದು ಕಣ್ಣಲ್ಲೇ ನೋಡಿಕೊಂಡು, ಐದಕ್ಕೆ ಏಳು ನಿಮಿಷವಿರುವಾಗ ಹೆಂಡತಿ ಪಾಠ ಕಳಿಸಿದಳು. ಮೂವರೂ ಕೂತು ಟೀ ಕುಡಿದರು. ಅಳಿಯ ಎರಡನೆಯ ಲೋಟಕ್ಕೆ ಬರುವ ಹೊತ್ತಿಗೆ, ಒಟ್ಟಿನಲ್ಲಿ ದಿನ ಚೆನ್ನಾಗಿಯೇ ಹೋಯಿತೆಂಬ ಅಭಿಪ್ರಾಯಕ್ಕೂ ಬಂದಿದ್ದ.

ಆರಕ್ಕೆ ಫೋನ್ ಬಂತು. ಒಬ್ಬಳು ವಿದ್ಯಾರ್ಥಿನಿ. ಹೆಂಡತಿ ಸ್ಪೀಕರ್ ಹಾಕಿದಳು.

"ಅಕ್ಕಾ, ಪಾಠ ತುಂಬಾ ಚೆನ್ನಾಗಿ ಬಂದಿದೆ, ಎಲ್ಲೂ ನಿಂತಿಲ್ಲ. ಆದ್ರೆ ಮೂತ್ರಕೋಶ ಆದ್ಮೇಲೆ ಒಬ್ಬರು, ಅತ್ತೆ ನಿಮ್ಮಾಣೆ, ಇನ್ನು ಜನ್ಮದಲ್ಲಿ ಸೆಟ್ಟಿಂಗಿಗೆ ಕೈ ಹಾಕಲ್ಲ ಅಂತಾರಲ್ಲ, ಅದೂ ಪರೀಕ್ಷೆಗೆ ಬರುತ್ತಾ?"

ಹೆಂಡತಿ ಗಂಡನ ಮುಖವನ್ನು ಒಮ್ಮೆ ನೋಡಿದಳು.

"ಇಲ್ಲಮ್ಮ, ಅದು ಬೇರೆ ಪರೀಕ್ಷೆ. ಇವತ್ತೇ ಆಯ್ತು. ನಮ್ಮನೆಯವರು ಫೇಲು."