ದಾಲ್ಚಿನ್ನಿಗಿಂತ ಒಂದು ಶೇಡ್ ಗಾಢ

ನನ್ನ ಕಣ್ಣನ್ನು ನಾನೇ ಹೊಗಳಿಕೊಳ್ಳಬಾರದು, ಗೊತ್ತು. ಆದರೆ ಹೊಗಳಬೇಕಾದವರು ಬಾಯಿಗೆ ಬೀಗ ಹಾಕಿಕೊಂಡು ಕೂತರೆ ನಾನೇನು ಮಾಡಲಿ? ಹೇಳಿಯೇಬಿಡುತ್ತೇನೆ. ಬಣ್ಣ ಗುರುತಿಸುವುದರಲ್ಲಿ ನಮ್ಮೂರಿನಲ್ಲಿ ನನ್ನಂಥ ಕಣ್ಣು ಇನ್ನೊಂದಿಲ್ಲ. (ಇನ್ನೊಂದಿದೆ. ಅದೂ ನನ್ನದೇ.)

ನಾನು ಟೈಲರ್. ಪೇಟೆಬೀದಿಯ ಮಾಸ್ಟರ್ ಅಂಗಡಿಯಲ್ಲಿ ಬಹಳ ವರ್ಷ ದುಡಿದವಳು. ಗಿರಾಕಿ ಬಟ್ಟೆ ತಂದು ಮೇಜಿನ ಮೇಲೆ ಹಾಕಿದರೆ ಸಾಕು, ಅದಕ್ಕೆ ಯಾವ ದಾರ, ಯಾವ ಗುಂಡಿ, ಯಾವ ಲೈನಿಂಗ್ ಎಂದು ಮಾಸ್ಟರ್ ನನ್ನ ಮುಖ ನೋಡುತ್ತಿದ್ದರು. "ಕತ್ತರಿ ಯಾರು ಬೇಕಾದ್ರೂ ಹಿಡೀಬಹುದು. ಈ ಕಣ್ಣು ಎಲ್ಲಿಂದ ತರೋದು?" ಎಂದು ಗಿರಾಕಿಗಳ ಎದುರಿಗೇ ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ, ಕೇಳಿಸದವಳ ಹಾಗೆ, ಇನ್ನೊಂದು ಸಲ ಹೇಳಲಿ ಎಂದು ಕಾಯುತ್ತಿದ್ದೆ.

ನಮ್ಮ ಕಸುಬಿನಲ್ಲಿ ಒಂದು ಸೂತ್ರವಿದೆ. ದಾರ ರೀಲಿನಲ್ಲಿ ಸುತ್ತಿಕೊಂಡಿರುವಾಗ ಗಾಢವಾಗಿ ಕಾಣುತ್ತದೆ, ಒಂದೆಳೆ ಬಿಚ್ಚಿ ಬಟ್ಟೆಯ ಮೇಲೆ ಹೊಲಿದರೆ ತಿಳಿಯಾಗಿಬಿಡುತ್ತದೆ. ಆದ್ದರಿಂದ ಬೇಕಾದ ಬಣ್ಣಕ್ಕಿಂತ ಒಂದು ಶೇಡ್ ಗಾಢವಾದದ್ದನ್ನೇ ಆರಿಸಬೇಕು. ಈ ಸೂತ್ರ ನನ್ನ ರಕ್ತದಲ್ಲಿಯೇ ಇದೆ. ಅದು ರಕ್ತದಲ್ಲಿಯೇ ಉಳಿದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಈ ವರ್ಷ ನಾನು ಸ್ವಂತ ಅಂಗಡಿ ತೆರೆಯುವುದೆಂದು ತೀರ್ಮಾನವಾಯಿತು. ಮನೆಯ ಹಿಂದಿನ ಕೋಣೆಯೇ ಅಂಗಡಿ. ಅದರ ಮುಂದೆ ಮರದ ಹಲಗೆಗಳ ಅಗಲವಾದ ಜಗಲಿ. ಗಿರಾಕಿಗಳು ಹಿತ್ತಿಲ ಗೇಟಿನಿಂದ ಬಂದು, ಜಗಲಿ ಹತ್ತಿ, ಅಲ್ಲೇ ಕೂತು, ಬಟ್ಟೆ ಹರಡಿ ಮಾತಾಡಬೇಕು. ಅಂದರೆ ಜಗಲಿಯೇ ನನ್ನ ಅಂಗಡಿಯ ಮುಖ. ಆ ಮುಖವೋ ಬಿಸಿಲು ಮಳೆ ತಿಂದು ಬೂದಿಬಣ್ಣಕ್ಕೆ ತಿರುಗಿ, ಹಲಗೆಗಳ ಮೈ ಬಿರಿದು, ಕಾಯಿಲೆಯಿಂದ ಎದ್ದವರ ಹಾಗಿತ್ತು. ಆರಂಭದ ದಿನ ಮಾಸ್ಟರೇ ಬಂದು ಮೊದಲ ಬಟ್ಟೆ ಕತ್ತರಿಸಿ ಕೊಡುತ್ತೇನೆಂದಿದ್ದರು. ಅವರ ಜೊತೆಗೆ ಹಳೆಯ ಗಿರಾಕಿಗಳೂ ಬರುತ್ತಿದ್ದರು. "ಬಣ್ಣದ ಕಣ್ಣಿನವಳು" ಎಂದು ನನ್ನನ್ನು ನಂಬಿಕೊಂಡು ಬರುವ ಜನ ಹೊಸಿಲಲ್ಲೇ ಕೆಟ್ಟ ಬಣ್ಣ ಕಂಡರೆ ಅಲ್ಲಿಂದಲೇ ಮಾಸ್ಟರ್ ಅಂಗಡಿಗೆ ವಾಪಸ್ಸು ಹೋಗುತ್ತಾರೆ. ಆ ಯೋಚನೆ ಬಂದಾಗಲೆಲ್ಲ ನನಗೆ ನಿಜವಾಗಿ ಭಯವಾಗುತ್ತಿತ್ತು.

ಇನ್ನು ನಮ್ಮವರು. ಇವರು ಛಾಪಖಾನೆಯಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದಾರೆ. ಅಚ್ಚಾದದ್ದು ಏನು ಕಂಡರೂ ಮೊದಲಿಂದ ಕೊನೆಯವರೆಗೆ ಓದದೆ ಬಿಡುವವರಲ್ಲ. ತಲೆನೋವಿನ ಮಾತ್ರೆ ಕೊಟ್ಟರೆ ಜೊತೆಗಿರುವ ಚೀಟಿ ಓದಿ ಮುಗಿಸುವಷ್ಟರಲ್ಲಿ ತಲೆನೋವು ತಾನೇ ಬೇಸತ್ತು ಹೊರಟುಹೋಗಿರುತ್ತದೆ. ಬಣ್ಣದ ವಿಷಯಕ್ಕೆ ಬಂದರೆ ಮಾತ್ರ ದೇವರೇ ಗತಿ. ಕಪ್ಪಿಗೂ ಕಡುನೀಲಿಗೂ ವ್ಯತ್ಯಾಸವಿದೆ ಎಂಬುದನ್ನು ಇವರು ನನ್ನ ಮಾತಿನ ಮೇಲೆ ನಂಬಿದ್ದಾರೆ, ಅಷ್ಟೇ.

"ಜಗಲಿಗೆ ಪೇಂಟ್ ಹೊಡೆದುಬಿಡಿ, ಕೆಲಸ ಮುಗೀತು" ಎಂದರು ನಮ್ಮತ್ತೆ.

"ಪೇಂಟ್ ಮೇಲೆ ಕೂರುತ್ತಮ್ಮ, ಮಳೆ ಬಿಸಿಲಿಗೆ ಸಿಪ್ಪೆ ಏಳುತ್ತೆ. ಇದಕ್ಕೆ ಎಣ್ಣೆ ಸ್ಟೇನ್ ಹಾಕ್ಬೇಕು. ಅದು ಮರದೊಳಗೇ ಇಳಿಯುತ್ತೆ" ಎಂದರು ಇವರು. ಯಾವುದೋ ಹಾಳೆ ಓದಿದ್ದರೆಂದು ಬೇರೆ ಹೇಳಬೇಕಾಗಿಲ್ಲ.

ನನಗೆ ತಕ್ಷಣ ಅರ್ಥವಾಯಿತು. ಪೇಂಟ್ ಎಂದರೆ ಮೇಲೆ ಹಾಕಿದ ತೇಪೆ, ಸ್ಟೇನ್ ಎಂದರೆ ನೂಲಿಗೇ ಹಾಕಿದ ಬಣ್ಣ. ಇದು ನನ್ನ ಕ್ಷೇತ್ರ. "ಬಣ್ಣ ನಾನು ಆರಿಸ್ತೀನಿ. ಯಾರೂ ನಡುವೆ ಬಾಯಿ ಹಾಕಬೇಡಿ" ಎಂದು ಘೋಷಿಸಿದೆ.

ಬಣ್ಣದಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಮೊದಲು ನೀರಿನಂಥ ತಿಳಿ ಎಣ್ಣೆ ತೋರಿಸಿದ. "ಇದರಲ್ಲಿ ಮರದ ಗೆರೆ ಪೂರ್ತಿ ಕಾಣುತ್ತೆ. ಆದ್ರೆ ಬಿಸಿಲು ತಡೆಯಲ್ಲ, ಬೇಗ ಮತ್ತೆ ಬೂದಿಯಾಗುತ್ತೆ" ಎಂದ. ಇನ್ನೊಂದು ಡಬ್ಬಿ ತೆಗೆದು, "ಇದು ಪೂರ್ತಿ ಮುಚ್ಚುತ್ತೆ, ಗೆರೆ ಕಾಣಲ್ಲ" ಎಂದ. ಇವೆರಡರ ನಡುವಿನದು, ಗೆರೆಯೂ ಕಾಣುವ, ಬಿಸಿಲನ್ನೂ ತಡೆಯುವ ಅರೆಪಾರದರ್ಶಕ ಸ್ಟೇನ್. ಅದೇ ಸರಿ ಎಂದೆ. ಈ ಮಟ್ಟಿಗೆ ನಾನು, ಅಂಗಡಿಯವನು ಮತ್ತು ನಮ್ಮವರ ಹಾಳೆ ಮೂವರೂ ಒಮ್ಮತಕ್ಕೆ ಬಂದೆವು. ನಮ್ಮ ಸಂಸಾರದ ಚರಿತ್ರೆಯಲ್ಲಿ ಇದು ಅಪರೂಪ.

ಆಮೇಲೆ ಅವನು ಬಣ್ಣ ಬಳಿದ ಪುಟ್ಟ ಮರದ ತುಂಡುಗಳನ್ನು ಜೋಡಿಸಿದ. ಜೇನು, ದಾಲ್ಚಿನ್ನಿ, ಅಕ್ರೋಟು. ನಾನು ಮೂರನ್ನೂ ಎತ್ತಿಕೊಂಡು ಅಂಗಡಿಯಿಂದ ಹೊರಗೆ ನಡೆದೆ. ಬಿಸಿಲಿಗೆ ಹಿಡಿದು ನೋಡದೆ ಬಣ್ಣ ಒಪ್ಪುವವಳು ನಾನಲ್ಲ. ಅಂಗಡಿಯವನು ನಾನು ತುಂಡುಗಳ ಸಮೇತ ಪರಾರಿಯಾದೆನೆಂದು ಹಿಂದೆಯೇ ಓಡಿಬಂದ.

ದಾಲ್ಚಿನ್ನಿ ನೋಡಿದ ಕೂಡಲೇ ಮನಸ್ಸು ಹಿಡಿಯಿತು. ಬೆಚ್ಚಗಿನ ಕೆಂಗಂದು. ಜಗಲಿ ಹೀಗೇ ಇರಬೇಕು ಅಂದುಕೊಂಡೆ. ಒಳಗೆ ಬಂದು ಗಂಭೀರವಾಗಿ, "ಅಕ್ರೋಟು ಕೊಡಿ" ಎಂದೆ.

"ನಿನಗೆ ಹಿಡಿಸಿದ್ದು ದಾಲ್ಚಿನ್ನಿ ಅಲ್ವೇನೇ?" ಎಂದರು ಇವರು.

"ಅದಕ್ಕೇ ಅಕ್ರೋಟು. ಒಂದು ಶೇಡ್ ಗಾಢ ತಗೊಂಡ್ರೆ ಹಚ್ಚಿದ ಮೇಲೆ ಸರಿಯಾಗಿ ದಾಲ್ಚಿನ್ನಿ ಬರುತ್ತೆ. ಇದೆಲ್ಲ ನಿಮಗೆ ಗೊತ್ತಾಗಲ್ಲ ರೀ."

ಅಂಗಡಿಯವನು ಏನೋ ಹೇಳಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿದ. ಡಬ್ಬಿ ಕೊಡುವಾಗ ಮಾತ್ರ ಮೆಲ್ಲಗೆ, "ಯಾವುದಕ್ಕೂ ಕಾಣದ ಮೂಲೇಲಿ ಒಂಚೂರು ಹಚ್ಚಿ ನೋಡಿ ಮೇಡಂ" ಎಂದ. ದಾರಿಯುದ್ದಕ್ಕೂ ಇವರು ಡಬ್ಬಿಯ ಬೆನ್ನಿನ ಮೇಲಿದ್ದುದನ್ನು ಓದುತ್ತ ಬಂದರು. "ಇಲ್ಲೂ ಅದೇ ಬರೆದಿದೆ ನೋಡೇ, ಮೊದಲು ಮೂಲೇಲಿ..." ಎಂದರು.

"ಟ್ರಯಲ್ ನೋಡೋದು ಅಳತೆ ಬಾರದವರು" ಎಂದೆ. ಆ ಮಾತು ಹೇಳಿದಾಗ ನನ್ನ ನಡಿಗೆಯೇ ಬದಲಾಗಿತ್ತು ಎಂದು ಈಗ ನೆನಪಾಗುತ್ತದೆ.

ಜಗಲಿಯನ್ನು ತೊಳೆದು, ಉಜ್ಜಿ, ಒಣಗಲು ಬಿಟ್ಟೆವು. ಮರ ಒಣಗಿ ಸಿದ್ಧವಾಗಿದೆಯೇ ಎಂದು ತಿಳಿಯಲು ನಾಲ್ಕು ಹನಿ ನೀರು ಚಿಮುಕಿಸಬೇಕಂತೆ. ಹೀರಿಕೊಂಡರೆ ಸಿದ್ಧ, ಮೇಲೆ ನಿಂತರೆ ಇನ್ನೂ ಇಲ್ಲ. ಇವರಿಗೆ ಈ ಪರೀಕ್ಷೆ ಎಷ್ಟು ಇಷ್ಟವಾಯಿತೆಂದರೆ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಚೊಂಬು ಹಿಡಿದು ಹೊರಡುತ್ತಿದ್ದರು. ಒಂದು ಹಲಗೆಯನ್ನೂ ಬಿಡದೆ ವಿಚಾರಿಸಿಕೊಂಡು ಬರುತ್ತಿದ್ದರು.

ಅತ್ತೆ ನೋಡಿ ನೋಡಿ ಸಾಕಾಗಿ, "ಒಣಗಿದೆಯಾ ಅಂತ ನೋಡೋಕೆ ದಿನಾ ನೀರು ಹೊಯ್ದ್ರೆ ಅದು ಯಾವ ಜನ್ಮಕ್ಕೆ ಒಣಗುತ್ತೋ?" ಎಂದು ಚೊಂಬನ್ನು ಕಿತ್ತು ತಮ್ಮ ಕೋಣೆಯಲ್ಲಿಟ್ಟುಕೊಂಡರು. ಮರ ಒಣಗಿತು.

ಆರಂಭಕ್ಕೆ ಎರಡು ದಿನ ಇರುವಾಗ ಬ್ರಷ್ ಹಿಡಿದೆ. ಇವರು ಹಿಂದೆ ಹಿಂದೆಯೇ ಹಳೆಯ ಬಟ್ಟೆಯಿಂದ ಹೆಚ್ಚಿನ ಎಣ್ಣೆ ಒರೆಸುತ್ತ ಬಂದರು. (ಟೈಲರ್ ಮನೆಯಲ್ಲಿ ಚಿಂದಿಗೆ ಬರವೇ?) ಮೊದಲ ಹಲಗೆ ಮುಗಿಯುವಷ್ಟರಲ್ಲಿ ಇವರು ಕೇಳಿದರು, "ಸ್ವಲ್ಪ ಕಪ್ಪಾಗಿಲ್ವೇನೇ?"

ನಿಜ ಹೇಳುತ್ತೇನೆ, ನನಗೂ ಹಾಗೇ ಕಂಡಿತು. ಆದರೆ ನನಗೆ ಶಾಸ್ತ್ರ ಗೊತ್ತಿದೆಯಲ್ಲ! "ಒದ್ದೆ ಬಟ್ಟೆ ಗಾಢವಾಗೇ ಕಾಣೋದು. ಒಣಗಿದ ಮೇಲೆ ತಿಳಿಯಾಗುತ್ತೆ. ಸುಮ್ನೆ ಒರೆಸಿ" ಎಂದು ಮುಂದುವರಿದೆ. ಪ್ರತಿ ಹಲಗೆಗೂ ಬ್ರಷ್ಷನ್ನು ಉದ್ದಕ್ಕೂ ಎಳೆದೆ. ಎಲ್ಲೂ ಬ್ರಷ್ ನಿಂತು ಮುಂದುವರಿದ ಗುರುತು ಕಾಣಲಿಲ್ಲ, ಎಲ್ಲೂ ಹನಿ ನಿಲ್ಲಲಿಲ್ಲ. ಕೆಲಸದ ಮಟ್ಟಿಗೆ ನಾನು ಇವತ್ತಿಗೂ ಎದೆ ಮುಟ್ಟಿಕೊಂಡು ಹೇಳುತ್ತೇನೆ, ಅಷ್ಟು ಅಚ್ಚುಕಟ್ಟಾಗಿ ಇನ್ನೊಬ್ಬರು ಹಚ್ಚಲಾರರು.

ಎಣ್ಣೆ ಹಿಡಿದ ಚಿಂದಿಗಳನ್ನು ಗುಡ್ಡೆ ಹಾಕಿದರೆ ತಾನಾಗಿ ಹೊತ್ತಿಕೊಳ್ಳಬಹುದೆಂದು ಡಬ್ಬಿ ಹೇಳಿತ್ತು. ಆದ್ದರಿಂದ ಇವರು ಒಂದೊಂದನ್ನೂ ಬಿಡಿಸಿ ಹಗ್ಗಕ್ಕೆ ಹಾಕಿದರು. ಒಂಟಿ ತೋಳು, ಅರ್ಧ ಕಾಲರು, ಪ್ಯಾಂಟಿನ ಒಂದು ಕಾಲು, ಎಲ್ಲವೂ ಸಾಲಾಗಿ ನೇತಾಡಿದವು. ಪಕ್ಕದ ಮನೆಯವರು ಬೇಲಿಯ ಮೇಲಿಂದ ಇಣುಕಿ, "ಹೊಸ ಅಂಗಡಿಯ ಬಟ್ಟೆಗಳಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಮರುದಿನ ಎದ್ದು ಓಡಿಹೋಗಿ ನೋಡಿದೆ. ಒಣಗಿತ್ತು, ಆದರೆ ಒಂದಿಷ್ಟೂ ತಿಳಿಯಾಗಿರಲಿಲ್ಲ. ದಾಲ್ಚಿನ್ನಿಯೂ ಅಲ್ಲ, ಅಂಗಡಿಯಲ್ಲಿ ಕಂಡ ಅಕ್ರೋಟೂ ಅಲ್ಲ, ಸೀದುಹೋದ ಕಾಫಿಯ ಬಣ್ಣ!

ಇವರು ಡಬ್ಬಿ ತಿರುಗಿಸಿ ಓದಿದರು. "ಹಳೇ ಮರ ಜಾಸ್ತಿ ಕುಡಿಯುತ್ತಂತೆ ಕಣೇ. ಮರದ ಬಣ್ಣದ ಮೇಲೆ ಇದೂ ಸೇರಿ ಇನ್ನಷ್ಟು ಗಾಢವಾಗುತ್ತಂತೆ. ಅದಕ್ಕೇ ಮೊದಲು ಮೂಲೇಲಿ..."

"ಆ ಮೂಲೆ ಅನ್ನೋ ಮಾತು ಇನ್ನೊಂದು ಸಲ ಎತ್ತಬೇಡಿ."

"ಹೋಗ್ಲಿ ಬಿಡು. ನನಗಂತೂ ಚೆನ್ನಾಗೇ ಕಾಣುತ್ತೆ."

ಅಲ್ಲಿಗೆ ಉಳಿದಿದ್ದ ಆಸೆಯೂ ಹೋಯಿತು. ಇವರ ಕಣ್ಣಿಗೆ ಚೆನ್ನಾಗಿ ಕಂಡಿತೆಂದರೆ ಬೇರೆ ಸಾಕ್ಷಿ ಬೇಕೇ? ಹೊಲಿಗೆಯಲ್ಲಾದರೆ ತಪ್ಪಿದ್ದನ್ನು ಬಿಚ್ಚಿ ಮತ್ತೆ ಹೊಲಿಯಬಹುದು. ಮರದೊಳಗೆ ಇಳಿದದ್ದನ್ನು ಬಿಚ್ಚುವ ಬ್ಲೇಡು ಎಲ್ಲಿದೆ? ಇಷ್ಟು ವರ್ಷ ಕಾದು ತೆರೆಯುವ ಅಂಗಡಿ, ನನ್ನ ಕಣ್ಣನ್ನು ನಂಬಿದ ಗುರು, ನಾಳೆ ಬೆಳಿಗ್ಗೆ ಅವರು ಕಾಲಿಡುವುದೇ ಈ ಮಸಿಯ ಮೇಲೆ. ಅಡುಗೆಮನೆಗೆ ಹೋಗಿ ಬೇಡದಿದ್ದರೂ ಒಂದು ಬುಟ್ಟಿ ಈರುಳ್ಳಿ ಹೆಚ್ಚಿದೆ. ಅತ್ತೆ ಏನೂ ಕೇಳದೆ ಇನ್ನೊಂದು ಬುಟ್ಟಿ ಈರುಳ್ಳಿ ತಂದಿಟ್ಟು ಹೋದರು.

ಆರಂಭದ ದಿನ ಮಾಸ್ಟರ್ ಬಂದರು. ಹಿಂದೆ ನಮ್ಮ ಖಾಯಂ ಗಿರಾಕಿ, ಶಾಲೆಯ ಹೆಡ್‌ಮಿಸ್. ಅವರ ಹಿಂದೆ ಇನ್ನಷ್ಟು ಹಳಬರು. ಗೇಟು ದಾಟಿದ ಮಾಸ್ಟರ್ ಜಗಲಿಯ ಮುಂದೆ ಗಕ್ಕನೆ ನಿಂತರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. ಒಂದು ಮಾತಿಲ್ಲ.

ಆ ಮೌನವನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. "ಬಣ್ಣ ಆರಿಸಿದ್ದು ಇವರು ಮಾಸ್ಟ್ರೇ!" ಎಂದುಬಿಟ್ಟೆ. "ನಾನು ದಾಲ್ಚಿನ್ನಿ ಸಾಕು ಅಂತ ಬಡಕೊಂಡೆ. ಕೇಳ್ಲೇ ಇಲ್ಲ. ಹಠ ಮಾಡಿ ಇದನ್ನೇ ತಂದ್ರು!"

ನಮ್ಮವರ ಬಾಯಿ ತೆರೆದದ್ದು ತೆರೆದೇ ಇತ್ತು. ಅತ್ತೆಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಮಾಸ್ಟರ್ ಜಗಲಿ ಹತ್ತಿ, ಬಗ್ಗಿ, ಹಲಗೆಯ ಮೇಲೆ ಅಂಗೈ ಆಡಿಸಿದರು. ಮೊದಲ ಕತ್ತರಿಗೆಂದು ತಂದಿದ್ದ ಹಳದಿ ಬಟ್ಟೆಯನ್ನು ಬಿಡಿಸಿ ಅದರ ಮೇಲೆ ಹಾಸಿದರು. ಏನು ಹೇಳಲಿ! ಆ ಹಳದಿ ದೀಪ ಹಚ್ಚಿದ ಹಾಗೆ ಎದ್ದು ಕಂಡಿತು. ಹೆಡ್‌ಮಿಸ್ "ಅಬ್ಬಾ!" ಎಂದರು.

"ನೋಡಿದ್ರಾ?" ಎಂದರು ಮಾಸ್ಟರ್. "ಬಟ್ಟೆಯ ಬಣ್ಣ ಏಳಬೇಕಾದ್ರೆ ಕೆಳಗೆ ಇಂಥದ್ದೇ ಇರಬೇಕು. ಇಷ್ಟು ವರ್ಷ ನಾನು ಬಿಳಿ ಮೇಜಿನ ಮೇಲೆ ಹರಡಿ ಗಿರಾಕಿಗಳ ಕಣ್ಣು ಕೆಡಿಸಿದೆ." ಎದ್ದು ನಮ್ಮವರ ಎರಡೂ ಕೈ ಹಿಡಿದರು. "ಇಂಥ ಕಣ್ಣು ಇಟ್ಕೊಂಡು ಇಷ್ಟು ದಿನ ಎಲ್ಲಿ ಅಡಗಿದ್ರಿ ಸ್ವಾಮೀ?"

ನಾನು ಮುಂದೆ ನುಗ್ಗಿದೆ. "ಅಂದ್ರೆ ಮಾಸ್ಟ್ರೇ, ಅಂಗಡಿಗೆ ನಾನೂ ಹೋಗಿದ್ದೆ..."

"ಹೋಗಿ ದಾಲ್ಚಿನ್ನಿ ಅಂದ್ಯಲ್ಲ! ದಾಲ್ಚಿನ್ನಿ ಹಚ್ಚಿದ್ರೆ ಕೆಟ್ಟೇ ಹೋಗ್ತಿತ್ತು. ಪುಣ್ಯಕ್ಕೆ ಅವರು ನಿನ್ನ ಮಾತು ಕೇಳ್ಲಿಲ್ಲ."

ಅಷ್ಟು ಹೊತ್ತಿಗೆ ನಮ್ಮವರಿಗೆ ಮಾತು ಬಂತು. ಕರಡು ತಿದ್ದುವವರಲ್ಲವೇ, ತಪ್ಪು ಕಂಡರೆ ಬಿಡಲಾರರು. "ಇಲ್ಲ ಇಲ್ಲ, ಅಕ್ರೋಟು ಆರಿಸಿದ್ದು ಇವಳೇ. ನಾನು ಬರೀ ಒರೆಸಿದ್ದು" ಎಂದರು. ನನಗೆ ಜೀವ ಬಂದಂತಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ಇವರ ಮೇಲೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ.

"ಎಂಥ ದೊಡ್ಡ ಗುಣ ನೋಡಿ" ಎಂದರು ಹೆಡ್‌ಮಿಸ್, ಕಣ್ಣೊರೆಸಿಕೊಳ್ಳುತ್ತ. "ತಾವು ಮಾಡಿದ್ದನ್ನ ಹೆಂಡತಿ ಹೆಸರಿಗೆ ಹಾಕ್ತಾರೆ. ಅದೂ ಆಕೆ ಎಲ್ಲರೆದುರಿಗೆ ಅಷ್ಟು ದೂರಿದ ಮೇಲೆ!"

ಎಲ್ಲರೂ ಹೌದು ಹೌದೆಂದರು. ನಮ್ಮವರು ಇನ್ನೆರಡು ಸಲ ತಿದ್ದಲು ನೋಡಿದರು. ತಿದ್ದಿದಷ್ಟೂ ಇವರ ದೊಡ್ಡತನ ಬೆಳೆಯಿತು. ಕೊನೆಗೆ ಕೈಚೆಲ್ಲಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಜಗಲಿಯ ನಡುವೆ ನಿಂತರು. ಆ ಭಂಗಿ ಇವರಿಗೆ ಚೆನ್ನಾಗಿಯೇ ಒಪ್ಪುತ್ತದೆಂದು ಅವತ್ತೇ ಗೊತ್ತಾದದ್ದು. ಅತ್ತೆ ನನ್ನ ಪಕ್ಕದಲ್ಲಿ ನಿಂತು, "ನನ್ನ ಮಗ ಚಿಕ್ಕಂದಿನಿಂದ್ಲೂ ಹಾಗೇ" ಎಂದು, ಎಲ್ಲ ಕಣ್ಣಾರೆ ಕಂಡಿದ್ದರೂ, ಕೂದಲೆಳೆಯಷ್ಟೂ ಸಂಕೋಚವಿಲ್ಲದೆ ಹೇಳಿದರು.

ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಬಂದವರೆಲ್ಲ ಮೊದಲು ಜಗಲಿ ನೋಡುತ್ತಾರೆ, ಆಮೇಲೆ ತಂದ ಬಟ್ಟೆ ಹರಡುತ್ತಾರೆ. ಮಳೆ ಬಂದರೆ ನೀರು ಮುತ್ತಿನ ಹಾಗೆ ಉರುಳಿ ಹೋಗುತ್ತದೆ. ಆ ಜಗಲಿಯನ್ನು ನೋಡಿದಾಗಲೆಲ್ಲ ನನಗೆ ಹೆಮ್ಮೆಯಿಂದ ಎದೆ ಉಬ್ಬುತ್ತದೆ. ಉಬ್ಬಿದ್ದನ್ನು ಯಾರಿಗೂ ತೋರಿಸುವ ಹಾಗಿಲ್ಲ, ಅಷ್ಟೇ.

ಮೊನ್ನೆ ಹೆಡ್‌ಮಿಸ್ ಕೋಟಿನ ಬಟ್ಟೆಯ ಜೊತೆ ಎರಡು ಬಗೆಯ ಲೈನಿಂಗ್ ತಂದರು. ನಾನು ಮೆಷಿನ್ನಿನಿಂದ ಎದ್ದು ಕೈ ಚಾಚಿದೆ.

"ಯಜಮಾನ್ರು ಇಲ್ವಾ?"

"ಕೆಲಸಕ್ಕೆ ಹೋಗಿದ್ದಾರೆ. ನಾನಿದ್ದೀನಲ್ಲ."

"ಪರವಾಗಿಲ್ಲ, ಬರಲಿ, ಕಾಯ್ತೀನಿ" ಎಂದು ಜಗಲಿಯ ಮೇಲೆ ಕೂತೇಬಿಟ್ಟರು.

ಸಂಜೆ ಇವರು ಬಂದರು. ಎರಡು ಲೈನಿಂಗ್‌ಗಳನ್ನೂ ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ನೋಡಿದರು. "ಒಂದು ನಿಮಿಷ" ಎಂದು ಒಳಗೆ ಬಂದು, ಬಾಗಿಲ ಪರದೆಯ ಹಿಂದೆ ನಿಂತು ಪಿಸುಗುಟ್ಟಿದರು. "ಯಾವುದು ಹೇಳೇ?"

"ಬಲಗೈಯಲ್ಲಿರೋದು" ಎಂದೆ. ಎರಡನೆಯ ಸಲ ನೋಡಬೇಕಾಗಿರಲಿಲ್ಲ.

ಇವರು ಹೊರಗೆ ಹೋಗಿ ಬಲಗೈ ಮುಂದೆ ಮಾಡಿದರು. ಹೆಡ್‌ಮಿಸ್ ಲೈನಿಂಗನ್ನು ಕೋಟಿನ ಬಟ್ಟೆಗೆ ಹಚ್ಚಿ ನೋಡಿ, "ಕಣ್ಣು ಅಂದ್ರೆ ಇದು!" ಎಂದು ಉದ್ಗರಿಸಿದರು. ಆಮೇಲೆ ಪರದೆ ಸರಿಸಿ, ನನ್ನ ಕಡೆ ಕನಿಕರದಿಂದ ನೋಡುತ್ತ, "ಜೊತೆಗೇ ಇರ್ತೀರಿ. ಸ್ವಲ್ಪ ಸ್ವಲ್ಪ ಅವರ ಹತ್ತಿರ ಕಲಿತುಕೊಳ್ಳಬಾರದಾ?" ಎಂದರು.

ನಾನು ಅಷ್ಟರಲ್ಲಿ ಬಾಯಲ್ಲಿಟ್ಟುಕೊಂಡಿದ್ದ ಗುಂಡುಸೂಜಿಗಳನ್ನು ತೆಗೆಯದೆ, ಆಗಲಿ ಎಂದು ತಲೆಯಾಡಿಸಿದೆ.